ಒಂದೇ ಎಸಳು ತಿನ್ನುವ ಹುಳ

ಟೈರಣ್ಣನಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ಹುಟ್ಟಿದಾಗಿನಿಂದ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಬೇರೇನೂ ಊನವಿಲ್ಲ. ಚಕ್ರದ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರಿಗೆ ಅದ್ದುವ ಮೊದಲೇ ಬೆರಳಿಟ್ಟು ತೋರಿಸುತ್ತಿದ್ದ. ಈ ಎರಡು ಬಣ್ಣಗಳು ಮಾತ್ರ ಅವನೆದುರು ಅವಳಿಜವಳಿಗಳಂತೆ ನಿಂತು ಆಟವಾಡಿಸುತ್ತಿದ್ದವು. ಶಾಲೆಯಲ್ಲಿ ಒಮ್ಮೆ ಮರಕ್ಕೆ ಅಪ್ಪಟ ಕೆಂಪು ಎಲೆ ಬಳಿದು ಮೇಷ್ಟರಿಗೆ ತೋರಿಸಿದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಇನ್ನು ಸತ್ತರೂ ಈ ಸಂಗತಿ ಯಾರಿಗೂ ಹೇಳಬಾರದೆಂದು ಅಂದೇ ನಿಶ್ಚಯ ಮಾಡಿದ. ದೊಡ್ಡವನಾದ ಮೇಲೆ ಟೈರು ರಿಪೇರಿಯ ಕಸುಬು ಹಿಡಿದದ್ದೂ ಅದಕ್ಕೇ. ಭೂಮಿಯ ಮೇಲೆ ಎಲ್ಲಿಗೆ ಹೋದರೂ ಟೈರು ಕಪ್ಪಗೇ ಇರುತ್ತದೆ.

ಹೀಗೆ ಹಾಯಾಗಿದ್ದವನು ಹೋಗಿ ಹೋಗಿ ಟೊಮ್ಯಾಟೊ ಬೆಳೆಯುವವರ ಮಗಳನ್ನು ಪ್ರೀತಿಸಿದ.

ಅವಳು ತಾಯಿಯ ಗಾಜಿನ ಮನೆಯಿಂದ ಪೇಟೆಗೆ ಹಣ್ಣು ಸಾಗಿಸುವ ವ್ಯಾನು ಓಡಿಸುತ್ತಿದ್ದಳು. ಮೊದಲ ಸಲ ಅವನ ಅಂಗಡಿಯ ಮುಂದೆ ವ್ಯಾನು ನಿಂತಾಗ ಹಿಂದಿನ ಚಕ್ರಕ್ಕೆ ನಿಜವಾಗಿಯೂ ಮೊಳೆ ಹೊಕ್ಕಿತ್ತು. ಆಮೇಲಾಮೇಲೆ ಆ ವ್ಯಾನಿಗೆ ವಾರಕ್ಕೊಂದು ಪಂಕ್ಚರ್ ಆಗತೊಡಗಿತು, ಅದೂ ಸರಿಯಾಗಿ ಅಂಗಡಿಯ ಎದುರಿಗೇ. ಕೆಲವು ಪಂಕ್ಚರ್‌ಗಳಲ್ಲಿ ತೂತು ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಬಹಳ ಹೊತ್ತು ಹುಡುಕುತ್ತಿದ್ದರು. ಊರಿನವರಿಗೆ ಗೊತ್ತಾಗುವ ಹೊತ್ತಿಗೆ ಮಾತು ಮದುವೆಯವರೆಗೆ ಬಂದಾಗಿತ್ತು.

ಅಡ್ಡಿ ಇದ್ದದ್ದು ಅವಳ ತಾಯಿಯದು. ಎಲ್ಲರೂ ಗಾಜಿನಮ್ಮ ಎಂದು ಕರೆಯುತ್ತಿದ್ದ ಆಕೆ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಎರಡು ಗಾಜಿನ ಮನೆಗಳನ್ನು ಕಟ್ಟಿ ನಿಲ್ಲಿಸಿದವಳು. ಒಂದರಲ್ಲಿ ಹೂವು ಬಿಡುವ ಗಿಡ, ಇನ್ನೊಂದರಲ್ಲಿ ಎಳೆಯ ಸಸಿ. ಕೈ ಧಾರಾಳ, ಮನಸ್ಸು ಮೆತ್ತಗೆ, ಒಂದೇ ತೊಂದರೆಯೆಂದರೆ ತಪ್ಪು ಎನ್ನುವುದು ಆಕೆಯ ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಹಾಲು ಉಕ್ಕಿದರೆ ಒಲೆಯದು ತಪ್ಪು. ದಾರಿ ತಪ್ಪಿದರೆ ರಸ್ತೆಯದು ತಪ್ಪು. ಇಂಥ ಹೆಂಗಸು ಟೈರಣ್ಣನನ್ನು ಮೇಲಿಂದ ಕೆಳಗೆ ನೋಡಿ, ಚಕ್ರಕ್ಕೆ ಗಾಳಿ ಹೊಡೆಯುವ ಕೈ ಬೇರೆ, ಗಿಡ ಮುಟ್ಟುವ ಕೈ ಬೇರೆ ಎಂದಳು. ಈ ಚಳಿಗಾಲದ ಬೆಳೆಯಲ್ಲಿ ಹೂವಿನಿಂದ ಕಾಯಿಯವರೆಗಿನ ಕೆಲಸ ಅವನೊಬ್ಬನೇ ನೋಡಿಕೊಳ್ಳಬೇಕು, ತಾನು ಹೂವಿಗೆ ಮದ್ದು ಹಚ್ಚುವ ಕುಂಚವನ್ನು ಬೆರಳಲ್ಲೂ ಮುಟ್ಟುವುದಿಲ್ಲ, ಬೆಳೆ ಸರಿಯಾಗಿ ಬಂದರೆ ಮದುವೆ, ಕೆಟ್ಟರೆ ಅವನು ಅವನ ಅಂಗಡಿ ನೋಡಿಕೊಳ್ಳಲಿ, ಮಗಳು ಬೇರೆ ಕಡೆ ಪಂಕ್ಚರ್ ಹಾಕಿಸಿಕೊಳ್ಳಲಿ. ಇದು ಷರತ್ತು. ಟೈರಣ್ಣ ತಲೆಯಾಡಿಸಿದ. ಪ್ರೀತಿಯಲ್ಲಿ ಬಿದ್ದವನ ತಲೆಗೆ ಆಡುವುದೊಂದೇ ಗೊತ್ತಿರುತ್ತದೆ.

ಮೊದಲ ದಿನ ಗಾಜಿನಮ್ಮ ಅವನನ್ನು ಒಳಗೆ ಕರೆದುಕೊಂಡು ಹೋಗಿ ಕೆಲಸ ತಿಳಿಸಿದಳು. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಜೇನು ಹಾರುವುದಿಲ್ಲ, ಗಾಳಿ ಆಡುವುದಿಲ್ಲ. ಹೂವು ಅರಳುತ್ತದೆ, ಎರಡು ದಿನ ಕಾಯುತ್ತದೆ, ಯಾರೂ ಬರಲಿಲ್ಲವೆಂದು ಉದುರುತ್ತದೆ. ಅದಕ್ಕೇ ಹಾರ್ಮೋನು. ಕಾಯಿ ಕಟ್ಟುವಾಗ ಗಿಡ ತನ್ನೊಳಗೇ ತಯಾರಿಸಿಕೊಳ್ಳುವಂಥ ರಸವನ್ನೇ ಮನುಷ್ಯ ಬಾಟಲಿಯಲ್ಲಿ ತುಂಬಿದ್ದಾನೆ. ಅದನ್ನು ನೀರಿಗೆ ಅಳತೆಯಲ್ಲಿ ಬೆರೆಸಿ, ಸಣ್ಣ ಕುಂಚದಿಂದ ಹೂವಿನ ತೊಟ್ಟಿಗೆ ಒಮ್ಮೆ ಸವರಬೇಕು.

"ಬಸುರಾಗದ ಹೂವಿನ ಕಿವೀಲಿ ನೀನು ಬಸುರಿ ಅಂತ ಹೇಳೋದು ಕಣಪ್ಪ ಇದು. ಒಂದು ಸಲ ಹೇಳಿದ್ರೆ ನಂಬಿ ಕಾಯಿ ಕಟ್ಟುತ್ತೆ. ಎರಡನೇ ಸಲ ಹೇಳಿದ್ಯೋ, ಕೆಡ್ತು. ಕಾಯಿಯ ತುದಿ ಮೂಗಿನ ಹಾಗೆ ಚೂಪಾಗಿ ಮುಂದೆ ಬರುತ್ತೆ, ಒಳಗೆ ಬರೀ ಟೊಳ್ಳು. ಒಂದು ಹೂವಿಗೆ ಒಂದೇ ಸಲ. ಇದೊಂದು ನೆನಪಿದ್ರೆ ಸಾಕು."

ಯಾವ ಹೂವಿಗೆ ಹಚ್ಚಿದೆ, ಯಾವುದಕ್ಕಿಲ್ಲ ಎಂದು ಹೇಗೆ ತಿಳಿಯಬೇಕು ಎಂದು ಟೈರಣ್ಣ ಕೇಳಿದ. ಅದು ಬಹಳ ಸುಲಭ ಎಂದು ಗಾಜಿನಮ್ಮ ಮದ್ದಿನ ಬಟ್ಟಲಿಗೆ ಪುಡಿಯೊಂದನ್ನು ಸುರಿದು ಕದಡಿದಳು. ಕೆಂಪು ಬಣ್ಣ. ಹಚ್ಚಿದ ಹಸಿರು ತೊಟ್ಟಿನ ಮೇಲೆ ಕೆಂಪು ಗುರುತು ನಿಲ್ಲುತ್ತದೆ, ಕುರುಡನಿಗೂ ಕಾಣುತ್ತದೆ.

ಟೈರಣ್ಣ ಬಟ್ಟಲೊಳಗೆ ಬಗ್ಗಿ ನೋಡಿ, ಒಳ್ಳೆಯ ಬಣ್ಣ ಎಂದ.

ಮೊದಲ ದಿನ ಕಷ್ಟವಾಗಲಿಲ್ಲ, ಯಾಕೆಂದರೆ ಎಲ್ಲ ಹೂವೂ ಹೊಸದು. ಎರಡನೇ ದಿನ ಬೆಳಗ್ಗೆ ಕುಂಚ ಹಿಡಿದು ಸಾಲಿಗೆ ಹೋದವನು ಅಲ್ಲೇ ನಿಂತ. ಒಂದೇ ಗೊಂಚಲಿನಲ್ಲಿ ನಿನ್ನೆಯ ಹೂವೂ ಇತ್ತು, ಇವತ್ತಿನ ಹೂವೂ ಇತ್ತು. ಎಲ್ಲವೂ ಹಳದಿ, ಎಲ್ಲದರ ತೊಟ್ಟೂ ಅವನ ಕಣ್ಣಿಗೆ ಒಂದೇ ಮಂಕು ಬಣ್ಣ. ಕಾಮಾಲೆ ಕಣ್ಣಿನವನಿಗೆ ಲೋಕವಾದರೂ ಹಳದಿ ಕಾಣುತ್ತದಂತೆ. ಇವನಿಗೆ ಏನೂ ಕಾಣಲಿಲ್ಲ. ನಾನು ಬಣ್ಣಗುರುಡ ಎಂದು ಈಗಲೇ ಹೇಳಿಬಿಡೋಣವೆನಿಸಿತು. ಹೇಳಿದರೆ ಟೊಮ್ಯಾಟೊ ಬೆಳೆಯುವ ಮನೆಗೆ ಕೆಂಪು ಕಾಣದ ಅಳಿಯ ಯಾಕೆ ಎಂದು ಆಕೆ ಕೇಳುತ್ತಾಳೆ. ಕೊನೆಗೆ ತೊಟ್ಟುಗಳನ್ನು ಮೂಸಿ, ಬೆಳಕಿಗೆ ಹಿಡಿದು, ತೇವ ಒಣಗಿದ ಗುರುತು ನೋಡಿ ಹೇಗೋ ಹಳೆಯದು ಹೊಸದು ಬೇರೆ ಮಾಡಿದ. ಆಗಲೇ ಅವನಿಗೊಂದು ಉಪಾಯ ಹೊಳೆಯಿತು. ಮದ್ದು ಹಚ್ಚಿದ ಪ್ರತಿ ಹೂವಿನ ಒಂದು ಎಸಳಿನ ತುದಿಯನ್ನು ಉಗುರಿನಿಂದ ಚಿವುಟಿಬಿಟ್ಟ. ಐದು ಎಸಳಲ್ಲಿ ಒಂದು ಮೊಂಡಾಗಿದ್ದರೆ ಅದಕ್ಕೆ ಮದ್ದಾಗಿದೆ ಎಂದರ್ಥ. ಕಾಯಿ ಕಟ್ಟಿದ ಮೇಲೆ ಎಸಳು ಹೇಗೂ ಒಣಗಿ ಉದುರುತ್ತದೆ, ಯಾರು ನೋಡಬೇಕು?

ಗಾಜಿನಮ್ಮ ನೋಡಿದಳು. ಕುಂಚ ಮುಟ್ಟುವುದಿಲ್ಲ ಎಂದಿದ್ದಳೇ ಹೊರತು ಮೂಗು ತೂರಿಸುವುದಿಲ್ಲ ಎಂದಿರಲಿಲ್ಲ. ಕೈಯಲ್ಲಿ ಭೂತಗನ್ನಡಿ ಹಿಡಿದು ದಿನಕ್ಕೊಮ್ಮೆ ಬರುತ್ತಿದ್ದಳು. ಮಂಡಿನೋವಿನಿಂದಾಗಿ ಒಳಗಿನ ಸಾಲುಗಳವರೆಗೆ ನಡೆಯಲಾಗುತ್ತಿರಲಿಲ್ಲ. ಬಾಗಿಲ ಹತ್ತಿರದ ಸಾಲುಗಳಲ್ಲೇ ತಪಾಸಣೆ. ಒಂದು ಬೆಳಗ್ಗೆ ಅಲ್ಲಿಂದಲೇ ಅವಳ ಕೂಗು ಬಂತು. ಹೂವಿಗೆ ಹುಳ ಬಿದ್ದಿದೆ.

ಟೈರಣ್ಣ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. ಗಾಜಿನಮ್ಮ ಅವನನ್ನು ನೋಡುತ್ತಲೇ ಇರಲಿಲ್ಲ, ಹೂವನ್ನು ನೋಡುತ್ತಿದ್ದಳು. ಪ್ರತಿ ಹೂವಿನಲ್ಲೂ ಒಂದೇ ಎಸಳು, ಅದರ ತುದಿ ಮಾತ್ರ. ಇಷ್ಟು ವರ್ಷದ ಬೇಸಾಯದಲ್ಲಿ ಇಂಥ ಹುಳ ಕಂಡಿರಲಿಲ್ಲವಂತೆ. ಹುಳವೆಂದರೆ ತಿಂದರೆ ಪೂರ್ತಿ ತಿನ್ನಬೇಕು, ಬಿಟ್ಟರೆ ಪೂರ್ತಿ ಬಿಡಬೇಕು. ಇದು ಮಾತ್ರ ಭಿಕ್ಷುಕನಂತೆ ಪ್ರತಿ ಮನೆಯಲ್ಲೂ ಒಂದೊಂದು ತುತ್ತು ಉಂಡು ಮುಂದಿನ ಮನೆಗೆ ಹೋಗುತ್ತಿದೆ, ಎಷ್ಟು ಶಿಸ್ತು!

ಅಂದಿನಿಂದ ಬೇಟೆ ಶುರುವಾಯಿತು. ಕೀಟ ಅಂಟಿಕೊಳ್ಳುವ ಹಳದಿ ಹಾಳೆಗಳನ್ನು ಸಾಲು ಸಾಲಿಗೆ ತೂಗುಹಾಕಿದರು. ಮೊದಲ ದಿನ ಅದಕ್ಕೆ ಅಂಟಿಕೊಂಡದ್ದು ಗಾಜಿನಮ್ಮನ ಜಡೆ. ಗಿಡಗಳ ಡಾಕ್ಟರನ್ನು ಕರೆಸಿದರು. ಅವರು ಹೂವನ್ನು ತಿರುಗಿಸಿ ಮುರುಗಿಸಿ ನೋಡಿ, ಹುಳದ ಹಿಕ್ಕೆಯಿಲ್ಲ, ಮೊಟ್ಟೆಯಿಲ್ಲ, ಹುಳ ಇದ್ದಂತೆ ಕಾಣುವುದಿಲ್ಲ ಎಂದರು. ಹಾಗಾದರೆ ತಿಂದದ್ದು ಯಾರು, ನಾನೇನು ಎಂದು ಗಾಜಿನಮ್ಮ ಕೇಳಿದಳು. ಡಾಕ್ಟರು ಜಾಣರು, ಚಹಾ ಕುಡಿದು ಹೋದರು. ಮಧ್ಯಾಹ್ನದ ಹೊತ್ತು ಟೈರಣ್ಣನೂ ಮಂಡಿಯೂರಿ ಎಲೆಗಳ ಕೆಳಗೆ ಹುಳ ಹುಡುಕಬೇಕಾಗಿತ್ತು. ತನ್ನನ್ನು ತಾನೇ ಹುಡುಕಿಕೊಳ್ಳುವುದು ಸನ್ಯಾಸಿಗಳ ಕೆಲಸವೆಂದು ಅವನು ಕೇಳಿದ್ದ. ಅವರಿಗೆ ಇಷ್ಟು ಬೆನ್ನುನೋವು ಇರಲಾರದು. ಸಿಕ್ಕಿತೇ ಎಂದು ಬಾಗಿಲಿಂದ ಪ್ರಶ್ನೆ ಬರುತ್ತಿತ್ತು. ಇನ್ನೂ ಇಲ್ಲ ಎಂದು ಹುಳವೇ ಉತ್ತರ ಕೊಡುತ್ತಿತ್ತು.

ಚಿವುಟುವುದನ್ನು ಬಿಡುವಂತಿರಲಿಲ್ಲ. ಬಿಟ್ಟರೆ ಎರಡನೇ ಸಲ ಮದ್ದು ಬೀಳುತ್ತದೆ, ಕಾಯಿಗೆ ಮೂಗು ಬರುತ್ತದೆ, ಹುಡುಗಿ ಕೈತಪ್ಪುತ್ತಾಳೆ. ಚಿವುಟುತ್ತ ಹೋದರೆ ಹುಳದ ಪಾಪ ಹುಳಕ್ಕೆ. ಅವನು ಚಿವುಟಿದ. ಹುಡುಗಿಗೂ ಹೇಳಲಿಲ್ಲ. ಎಷ್ಟೋ ಸಲ ಬಾಯಿ ತೆರೆದ. ಅವಳು ವ್ಯಾನಿನ ಕಿಟಕಿಯಿಂದ ನಕ್ಕು, ಹುಳ ಹಿಡಿಯಲಾರದವನು ನನ್ನನ್ನು ಹೇಗೆ ಹಿಡಿದೆ ಎಂದು ಛೇಡಿಸಿದರೆ ತೆರೆದ ಬಾಯಿ ಹಾಗೇ ಮುಚ್ಚುತ್ತಿತ್ತು. ಅವಳೆದುರು ಮತ್ತೆ ಕೆಂಪು ಎಲೆ ಬರೆದ ಹುಡುಗನಾಗುವುದು ಅವನಿಗೆ ಬೇಡವಾಗಿತ್ತು.

ಆ ದಿನಗಳಲ್ಲಿ ಗಾಜಿನಮ್ಮ ಸ್ವಲ್ಪ ಬದಲಾದಳು. ಚಳಿ ಮೂಳೆಗೆ ಇಳಿದಿದೆ ಎಂದು ಹೇಳಿ ಉಣ್ಣೆಯ ಕೈಗವಸು ಹಾಕಿಕೊಂಡವಳು ಅಡುಗೆಮನೆಯಲ್ಲೂ ತೆಗೆಯುತ್ತಿರಲಿಲ್ಲ. ಕೈಗವಸಿನಲ್ಲೇ ಚಹಾದ ಲೋಟ ಹಿಡಿಯುತ್ತಿದ್ದಳು. ಟೈರಣ್ಣನ ಮೇಲೆ ರೇಗುವುದೂ ಕಡಿಮೆಯಾಯಿತು. ಅವನು ಬರುವ ಮೊದಲೇ ಎದ್ದು ಗಾಜಿನ ಮನೆಯಲ್ಲಿ ಓಡಾಡಿರುತ್ತಿದ್ದಳು. ವಯಸ್ಸಾಯಿತು, ನಿದ್ದೆ ಬರುವುದಿಲ್ಲವೇನೋ ಎಂದು ಮಗಳು ಮರುಗಿದಳು.

ಕಾಯಿ ಕಟ್ಟಿತು, ಉಬ್ಬಿತು, ಕೆಂಪಾಯಿತು. ಕೆಂಪಾಯಿತೆಂದು ಉಳಿದವರು ಹೇಳಿದರು. ಟೈರಣ್ಣ ಹೆಬ್ಬೆರಳಲ್ಲಿ ಒತ್ತಿ, ಟೈರಿನ ಗಾಳಿ ನೋಡಿದಂತೆ ನೋಡಿ ಹಣ್ಣು ಕೀಳುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಒಳಗಿನ ಸಾಲುಗಳಲ್ಲಿ ಹಣ್ಣು ಚೆಂಡಿನಂತೆ ದುಂಡಗೆ, ಕೈತುಂಬ ಭಾರ. ಅದನ್ನು ನೋಡಿ ಅವನ ಎದೆ ಉಬ್ಬಿತು. ಬಾಗಿಲ ಕಡೆಯ ಸಾಲುಗಳಿಗೆ ಬಂದು ಮೊದಲ ಹಣ್ಣು ಹಿಡಿದಾಗ ಬೆರಳಿಗೆ ಏನೋ ಚುಚ್ಚಿತು. ಹಣ್ಣಿಗೆ ಮೂಗಿತ್ತು. ಅದರ ಪಕ್ಕದ್ದಕ್ಕೂ ಇತ್ತು. ಗೊಂಚಲಿಗೆ ಗೊಂಚಲೇ ಮೂಗು ಮುಂದೆ ಮಾಡಿಕೊಂಡು, ಏನಪ್ಪಾ ಸಮಾಚಾರ ಎನ್ನುವಂತೆ ಅವನನ್ನು ನೋಡುತ್ತಿತ್ತು.

ಸಗಟು ವ್ಯಾಪಾರಿ ಹಣ್ಣು ವಿಂಗಡಿಸುವ ಶೆಡ್ಡಿಗೆ ಬಂದು ಒಂದನ್ನು ಎತ್ತಿ ನೋಡಿದ. ಮೂಗುತಿ ಹಾಕಿಸಿ ಕೊಟ್ಟರೆ ಕೊಳ್ಳುತ್ತೇನೆ ಎಂದ. ಕತ್ತರಿಸಿ ನೋಡಿದರೆ ಒಳಗೆ ಟೊಳ್ಳು. ಎರಡೆರಡು ಸಲ ಮದ್ದು ಬಿದ್ದಿದೆ, ಬೇರೇನೂ ಅಲ್ಲ, ಒಳಗಿನ ಸಾಲಿನ ಮಾಲು ಎಷ್ಟಿದ್ದರೂ ಕೊಳ್ಳುತ್ತೇನೆ, ಸಂಜೆ ಲಾರಿ ತರುತ್ತೇನೆ ಎಂದು ಹೇಳಿ ಹೋದ.

ಶೆಡ್ಡಿನಲ್ಲಿ ಮೂವರೇ ಉಳಿದರು. ಟೈರಣ್ಣ ತಲೆ ತಗ್ಗಿಸಿ ನಿಂತ. ಈಗ ಸಿಡಿಲು ಬೀಳುತ್ತದೆ ಎಂದುಕೊಂಡರೆ ಬೀಳಲಿಲ್ಲ. ಗಾಜಿನಮ್ಮ ಮೂಗಿನ ಹಣ್ಣನ್ನು ಕೈಗವಸಿನ ಕೈಯಲ್ಲಿ ತಿರುಗಿಸುತ್ತ, ವ್ಯಾಪಾರಿಗೆ ಏನು ಗೊತ್ತು, ಇದು ಹುಳದ ಕೆಲಸ ಎಂದಳು. ಹುಳ ಕಚ್ಚಿದ ವಿಷಕ್ಕೆ ಹಣ್ಣು ಹೀಗಾಗಿದೆ. ಪಕ್ಕದ ಗಾಜಿನ ಮನೆಯ ಎಳೆ ಸಸಿಗೂ ಹಬ್ಬುವ ಮೊದಲು ಈ ಮನೆಯ ಗಿಡವನ್ನೆಲ್ಲ ಇವತ್ತೇ ಕಿತ್ತು ಸುಡಬೇಕು, ಲಾರಿ ಬೇಡವೆಂದು ಹೇಳಿಬಿಡಬೇಕು. ಆಮೇಲೆ, ಯಾರೂ ಕೇಳದಿದ್ದರೂ, ಮೆತ್ತಗಿನ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು.

"ಇದರಲ್ಲಿ ನಿನ್ನ ತಪ್ಪೇನೂ ಇಲ್ಲಪ್ಪ. ನೀನು ಪಾಪ ಮೈಮುರಿದು ದುಡಿದಿದ್ದೀಯ. ಮದುವೆಗೆ ನನ್ನದೇನೂ ಅಡ್ಡಿಯಿಲ್ಲ."

ಹುಡುಗಿ ಅವನ ಕಡೆ ನೋಡಿ ಕಣ್ಣರಳಿಸಿದಳು. ಕೇಳಿದ್ದು ಸಿಕ್ಕಿತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹುಳ ಎಲ್ಲ ತಪ್ಪನ್ನೂ ಹೊತ್ತುಕೊಂಡು ಬೆಂಕಿಯಲ್ಲಿ ಬೂದಿಯಾಗುತ್ತದೆ, ಅವನು ಅಳಿಯನಾಗುತ್ತಾನೆ. ಟೈರಣ್ಣ ಶೆಡ್ಡಿನ ಬಾಗಿಲಿಂದ ಗಾಜಿನ ಮನೆಯ ಕಡೆ ನೋಡಿದ. ಒಳಗಿನ ಸಾಲುಗಳಲ್ಲಿ ಗಿಡಗಳು ಭಾರಕ್ಕೆ ಬಾಗಿ ದಾರಕ್ಕೆ ಜೋತುಬಿದ್ದಿದ್ದವು. ಆ ಒಂದೊಂದು ಹಣ್ಣೂ ಹೂವಾಗಿದ್ದಾಗ ಅವನು ಮುಟ್ಟಿದ್ದ, ಒಂದೊಂದರ ಎಸಳನ್ನೂ ಚಿವುಟಿದ್ದ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದನ್ನು ಕೇಳಿದ್ದೇವೆ. ಇಲ್ಲಿ ನೆಗಡಿಯೂ ಇರಲಿಲ್ಲ. ಇಲ್ಲದ ಹುಳಕ್ಕಾಗಿ ಅಷ್ಟು ಒಳ್ಳೆಯ ಗಿಡಗಳನ್ನು ಸುಡುವುದನ್ನು ಅವನಿಗೆ ಸಹಿಸಲಾಗಲಿಲ್ಲ.

"ಅಮ್ಮಾ, ಗಿಡ ಸುಡಬೇಡಿ. ಆ ಹುಳ ನಾನೇ."

ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಶಾಲೆಯ ಕೆಂಪು ಎಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ತೊಟ್ಟಿನ ಮೇಲಿನ ಬಣ್ಣ ಒಂದು ದಿನವೂ ಕಂಡಿಲ್ಲ, ಅದಕ್ಕೇ ಚಿವುಟಿ ಗುರುತು ಮಾಡಿದ್ದು, ಒಂದು ಹೂವನ್ನೂ ಬಿಟ್ಟಿಲ್ಲವೆಂದೇ ಅವನ ನಂಬಿಕೆ. ಆದರೂ ಬಾಗಿಲ ಸಾಲುಗಳಲ್ಲಿ ಎಲ್ಲೋ ಎಡವಿರಬೇಕು, ಮೂಗಿನ ತಪ್ಪೂ ತನ್ನದೇ. ಇದನ್ನು ಮೊದಲೇ ಹೇಳಬೇಕಾಗಿತ್ತು. ಹೇಳಿದರೆ ಹುಡುಗಿ ಸಿಗುವುದಿಲ್ಲವೆಂದು ಹೆದರಿದ್ದ.

ಹುಡುಗಿಯ ಮುಖ ಊದಿಕೊಂಡಿತು. ಊರಿಗೆಲ್ಲ ಮುಚ್ಚಿಡಲಿ, ತನಗೊಬ್ಬಳಿಗೆ ಹೇಳಬಹುದಿತ್ತು. ಟ್ಯೂಬಿನ ತೂತು ಹುಡುಕುತ್ತ ಅಷ್ಟೆಲ್ಲ ಮಾತಾಡಿದರಲ್ಲ, ಆಗ ಈ ಒಂದು ಮಾತಿಗೆ ಜಾಗವಿರಲಿಲ್ಲವೇ ಎಂದು ಕೇಳಿದಳು. ಅವಳಿಗೆ ನಿಜವಾಗಿಯೂ ನೋವಾಗಿತ್ತು. ಗಾಜಿನಮ್ಮ ಮಾತ್ರ ಇನ್ನೂ ತುಟಿ ಬಿಚ್ಚಿರಲಿಲ್ಲ. ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹುದುಗಿಸಿಕೊಂಡಿದ್ದಳು. ಬೈಯುವ ಅವಕಾಶ ಸಿಕ್ಕಾಗ ಬಿಡದ ಹೆಂಗಸು ಹೀಗೆ ಕೂತದ್ದನ್ನು ಮಗಳು ಕಂಡಿರಲಿಲ್ಲ.

ಮಗಳು ಅಮ್ಮನನ್ನು ನೋಡಿದಳು, ಮೂಗಿನ ಹಣ್ಣಿನ ಬುಟ್ಟಿಗಳನ್ನು ನೋಡಿದಳು. ಅವನು ಪ್ರತಿ ಹೂವಿಗೂ ಗುರುತು ಮಾಡಿದ್ದರೆ ಅವನ ಕೈಯಿಂದ ಎರಡನೇ ಸಲ ಮದ್ದು ಬೀಳುವುದು ಹೇಗೆ? ಅವನು ಎಡವಿದ್ದರೆ ಅಲ್ಲೊಂದು ಇಲ್ಲೊಂದು ಮೂಗು ಇರಬೇಕಾಗಿತ್ತು. ಇದು ಬಾಗಿಲ ಕಡೆ ಮಾತ್ರ, ಮಂಡಿನೋವಿನವರು ನಡೆಯಬಹುದಾದಷ್ಟು ದೂರ ಮಾತ್ರ.

"ಅಮ್ಮ, ಕೈಗವಸು ತೆಗಿ."

ಚಳಿ ಎಂದಳು ಗಾಜಿನಮ್ಮ. ಶೆಡ್ಡಿನಲ್ಲಿ ಬಿಸಿಲಿದೆ ಎಂದಳು ಮಗಳು. ಕೈ ಒಡೆದಿದೆ ಎಂದಳು ತಾಯಿ. ಮುಲಾಮು ಹಚ್ಚುತ್ತೇನೆ ಎಂದಳು ಮಗಳು. ಬಾಯಿಗೆ ಬಾಯಿ ಕೊಡುವುದನ್ನು ಅವಳು ಕಲಿತದ್ದು ಈ ತಾಯಿಯಿಂದಲೇ, ಹಾಗಾಗಿ ವಾದ ಹೆಚ್ಚು ಬೆಳೆಯಲಿಲ್ಲ. ಗಾಜಿನಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಒಂದೊಂದೇ ಬೆರಳು ಎಳೆದು ಬಲಗೈ ಹೊರಗೆ ತೆಗೆದಳು. ಉಗುರಿನ ಸಂದಿ, ಬೆರಳಿನ ಗೆರೆ, ಅಂಗೈವರೆಗೂ ಕೆಂಪು. ಉಜ್ಜಿ ಉಜ್ಜಿ ತೊಳೆದರೂ ಹೋಗದ, ಗಿಡದ ತುದಿಯ ಹೊಸ ಹೂವುಗಳಿಂದ ಆ ಬೆಳಗ್ಗೆಯೂ ಹತ್ತಿದ್ದ, ಮದ್ದಿನ ಬಣ್ಣ.

ಆಮೇಲೆ ಆಕೆ ಹೇಳಿದ್ದು ಇಷ್ಟು. ಹುಳ ಕಚ್ಚಿದ ಹೂವುಗಳನ್ನು ನೋಡಿ ಅಯ್ಯೋ ಎನಿಸಿತು. ಗಾಯವಾದ ಹೂವಿಗೆ ಒಂದೇ ಸಲದ ಮದ್ದು ಸಾಲುತ್ತದೆಯೇ? ಟೈರು ಬಿಚ್ಚುವ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಸ್ವಲ್ಪ ಶಕ್ತಿ ಬರಲಿ ಎಂದು ಬೆಳಗ್ಗೆ ಬೇಗ ಬಂದು ಇನ್ನೊಂದು ಸಲ ಸವರಿದಳು. ಒಂದೇ ಸಲ ಎನ್ನುವ ನಿಯಮ ಮಾಡಿದ್ದು ತಾನೇ, ಮಾಡಿದವಳಿಗೆ ಅದು ಹೇಗೆ ಅನ್ವಯಿಸೀತು ಎಂದುಕೊಂಡಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಮಗಳು ಗೊಣಗಿದಳು. ಗಾಜಿನಮ್ಮ ಕೇಳಿಸಿಕೊಂಡಳು, ಜೀವನದಲ್ಲಿ ಮೊದಲ ಸಲ ತಿರುಗಿ ಮಾತಾಡಲಿಲ್ಲ. ಅವಳ ಕಣ್ಣಂಚು ಒದ್ದೆಯಾಗಿತ್ತು. ತನ್ನ ತಪ್ಪನ್ನು ಈ ಹುಡುಗ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾಗ ಸುಮ್ಮನೆ ಕೂತಿದ್ದೆನಲ್ಲ ಎಂಬ ನಾಚಿಕೆ ಆಕೆಯನ್ನು ಬೆಂಕಿಯಂತೆ ಸುಡುತ್ತಿತ್ತು.

ಮಗಳು ಆ ಕೈಯನ್ನು ಹಿಡಿದೆಳೆದು ಟೈರಣ್ಣನ ಮುಖದ ಮುಂದೆ ಚಾಚಿದಳು. ನೋಡು, ಕಣ್ಣಾರೆ ನೋಡು, ಮೂಗಿನ ಕಳ್ಳಿ ಇಲ್ಲಿದ್ದಾಳೆ ಎಂದಳು. ಟೈರಣ್ಣ ಆ ಕೈಯನ್ನು ತುಂಬ ಮರ್ಯಾದೆಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, ಮುಂದೆ ತಿರುಗಿಸಿ ಹಿಂದೆ ತಿರುಗಿಸಿ ನೋಡಿದ. ಟೊಮ್ಯಾಟೊ ಗಿಡ ಮುಟ್ಟುವವರ ಬೆರಳಿಗೆಲ್ಲ ಮೆತ್ತಿಕೊಳ್ಳುವ ಮಂಕು ಕಲೆ ಬಿಟ್ಟರೆ ಅವನಿಗೆ ಬೇರೇನೂ ಕಾಣಲಿಲ್ಲ.

"ಕೈಯಲ್ಲಿ ಏನೂ ಇಲ್ವಲ್ಲ? ಗಿಡದ ಕಲೆ ಅಷ್ಟೇ. ನನ್ನ ಕೈಯೂ ಹೀಗೇ ಇದೆ."

ಗಾಜಿನಮ್ಮ ಅವನ ಮುಖವನ್ನೇ ದಿಟ್ಟಿಸಿದಳು. ಮುಲಾಜಿಗೆ ಹೇಳುತ್ತಿದ್ದಾನೋ, ಅಣಕಿಸುತ್ತಿದ್ದಾನೋ ಎಂದು ಹುಡುಕಿದಳು. ಎರಡೂ ಇರಲಿಲ್ಲ. ಹುಡುಗ ಇನ್ನೂ ಕಣ್ಣು ಕಿರಿದು ಮಾಡಿಕೊಂಡು, ಪ್ರಾಮಾಣಿಕವಾಗಿ, ಒಂದೊಂದೇ ಬೆರಳನ್ನು ಪರೀಕ್ಷಿಸುತ್ತಿದ್ದ. ಆಕೆಯ ಗಂಟಲಲ್ಲಿ ಮೊದಲು ಒಂದು ಸಣ್ಣ ಸದ್ದು ಬಂತು, ಆಮೇಲೆ ಸ್ಟೂಲು ಅಲ್ಲಾಡುವಷ್ಟು ನಗು ಬಂತು. ನಕ್ಕು ನಕ್ಕು ಆ ಕೆಂಪು ಕೈಯಿಂದಲೇ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

"ಅತ್ತೆ ತಪ್ಪನ್ನ ಕಣ್ಣಮುಂದೆ ಹಿಡಿದ್ರೂ ಕಾಣದ ಅಳಿಯ ಕಣೇ ಇವನು. ನೀನು ಬೇಡ ಅಂದ್ರೂ ಈಗ ನಾನು ಬಿಡೋದಿಲ್ಲ."